ಒಡೆಯನು ಯಾರು?

ಗಾಂಜಾದ ವಿಷಯವಾಗಿ ಸಭೆಯವರಿಗೆ ಒಂದು ಪ್ರಸಂಗ
ಆಧಾರವಚನ: 1 ಕೊರಿಂಥ 6ನೆಯ ಅಧ್ಯಾಯ, 12ನೆಯ ವಚನ



ಮೇಲೆ ಸೂಚಿಸಿದ ವಚನವನ್ನು ನಿಮ್ಮ ನಿಮ್ಮ ಸತ್ಯವೇದದಲ್ಲಿ ತೆರೆದು, ಓದಬಲ್ಲವರು ಓದಲಾರದವರಿಗೆ ಕೇಳಿಸುವಂತೆ ಓದಿರಿ. ಅಲ್ಲಿ ಅಪೊಸ್ತಲನಾದ ಪೌಲನು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟಿದ್ದಾನೆ. ಒಂದು ಕಾರ್ಯವನ್ನು ಮಾಡುವದಕ್ಕೆ ನನಗೆ ಅಪ್ಪಣೆಯುಂಟೋ ಎಂಬದು ಒಂದು. ಅದು ನನಗೆ ಹಿತವೋ, ಅದು ನನ್ನ ಮೇಲೆ ದೊರೆತನ ಮಾಡುವದೋ ಎಂಬದು ಇನ್ನೊಂದು. ಈ ಎರಡನ್ನೂ ಒಂದೇ ಎಂದೆಣಿಸಿ ಅನೇಕರು ದಾರಿ ತಪ್ಪಿದ್ದಾರೆ.

ಕಳೆದ ಚಳಿಗಾಲದಲ್ಲಿ ಸುರಪುರ ಸೀಮೆಯ ಒಂದು ಹಳ್ಳಿಯಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ, ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡಿ ಕ್ರಿಸ್ಮಸಿಗೆ ಊರಿಗೆ ಬಂದಿದ್ದ ಒಬ್ಬ ಯೌವನಸ್ಥನು ನನ್ನನ್ನು ತಡೆದು ಕೇಳಿದನು: "ಅಯ್ಯನವರೇ, ಕೆಲವು ದೇಶಗಳಲ್ಲಿ ಸರಕಾರವೇ ಗಾಂಜಾಕ್ಕೆ ಅಪ್ಪಣೆ ಕೊಟ್ಟಿದೆಯಂತೆ. ನಮ್ಮ ತಿಂಥಣಿಯ ಜಾತ್ರೆಯಲ್ಲಿ ಅದನ್ನು ಪ್ರಸಾದವೆಂದು ಸೇದುತ್ತಾರೆ. ಬೈಬಲಿನಲ್ಲಿ ಅದರ ಹೆಸರೇ ಇಲ್ಲ. ನಾಳೆ ನಮ್ಮ ದೇಶದ ಕಾಯಿದೆಯೂ ಬದಲಾದರೆ, ಇಂದಿನ ಪಾಪವು ನಾಳೆ ಪಾಪವಲ್ಲವೆಂದು ಹೇಳುವಿರೋ?" ಆ ಪ್ರಶ್ನೆಯು ಉಡಾಫೆಯದಲ್ಲ. ಅದಕ್ಕೆ ಅವಸರದಿಂದ ಉತ್ತರ ಕೊಡಬಾರದೆಂದು ಸುಮ್ಮನಿದ್ದೆನು. ಈಗ ಕೊಡುತ್ತೇನೆ.

ಮೊದಲು ಕೈಸರನ ವಿಷಯವನ್ನು ನೋಡೋಣ. ಈ ಗಿಡದ ಕುರಿತಾದ ವಿವಾದವು ಹೊಸದಲ್ಲ. 1893ನೆಯ ಇಸವಿಯಲ್ಲಿ ಬ್ರಿಟಿಷ್ ಸರಕಾರವು ಇದಕ್ಕಾಗಿಯೇ ಒಂದು ಆಯೋಗವನ್ನು ನೇಮಿಸಿತು. ಅದು ಸಾವಿರಕ್ಕೆ ಮೇಲ್ಪಟ್ಟ ಸಾಕ್ಷಿಗಳನ್ನು ವಿಚಾರಿಸಿತು. ಅವರಲ್ಲಿ ಮಿಶನರಿಗಳೂ ಇದ್ದರು. ಮಿತವಾಗಿ ಸೇವಿಸುವವರಿಗೆ ಕೇಡು ಸ್ವಲ್ಪವೆಂದೂ, ಮಿತಿಮೀರಿದವರಿಗೆ ಹಾನಿಯುಂಟೆಂದೂ, ಪೂರ್ಣವಾಗಿ ನಿಷೇಧಿಸದೆ ತೆರಿಗೆಯಿಂದಲೂ ಹತೋಟಿಯಿಂದಲೂ ಅಂಕೆಯಲ್ಲಿಡಬೇಕೆಂದೂ ಅದು 1894ರಲ್ಲಿ ತಿಳಿಸಿತು. ಬಳಿಕ 1985ರಲ್ಲಿ ನಮ್ಮ ಪಾರ್ಲಿಮೆಂಟು ಮಾದಕ ದ್ರವ್ಯಗಳ ಕಾಯಿದೆಯನ್ನು ಮಾಡಿ, ಗಿಡದ ಹೂವಿನ ತುದಿಯಾದ ಗಾಂಜಾವನ್ನೂ ಅದರ ಅಂಟಾದ ಚರಸವನ್ನೂ ಅಪರಾಧದೊಳಗೆ ಸೇರಿಸಿತು. ಬರೀ ಎಲೆಯನ್ನೂ ಬೀಜವನ್ನೂ ಗಾಂಜಾ ಎಂಬ ಅರ್ಥದಿಂದ ಹೊರಗಿಟ್ಟಿತು. ಒಂದು ಕಿಲೋದ ವರೆಗೆ ಇಟ್ಟುಕೊಂಡವನಿಗೆ ಒಂದು ವರುಷದ ವರೆಗಿನ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿಯ ವರೆಗಿನ ದಂಡ, ಇಲ್ಲವೆ ಎರಡೂ ಆಗಬಹುದು. ಗಿಡವನ್ನು ಬೆಳೆದವನಿಗೆ ಹತ್ತು ವರುಷದ ವರೆಗಿನ ಸೆರೆಯುಂಟು. ತೊಗರಿ ಹತ್ತಿಯ ಸಾಲುಗಳ ನಡುವೆ "ನಾಲ್ಕು ಗಿಡ ಇರಲಿ, ಯಾರು ನೋಡುತ್ತಾರೆ" ಎಂದು ಹೇಳುವ ಹೊಲದೊಡೆಯನ ಮಾತಿಗೆ ಒಪ್ಪುವ ಕೂಲಿಯವರೂ ಪಾಲಿಗೆ ಮಾಡುವವರೂ ಇದನ್ನು ಚೆನ್ನಾಗಿ ತಿಳಿದಿರಲಿ.

ಬೇರೆ ದೇಶಗಳು ಬೇರೆ ದಾರಿಗಳನ್ನು ಹಿಡಿದಿವೆ. ಉರುಗ್ವೆ ದೇಶವು 2013ರಲ್ಲಿಯೂ, ಕೆನಡಾ 2018ರಲ್ಲಿಯೂ, ಜರ್ಮನಿ 2024ರಲ್ಲಿಯೂ ಪ್ರಾಯಸ್ಥರಿಗೆ ಸ್ವಂತ ಉಪಯೋಗಕ್ಕಾಗಿ ಅಪ್ಪಣೆ ಕೊಟ್ಟವು. ಥಾಯ್ಲೆಂಡು 2022ರಲ್ಲಿ ಬಾಗಲು ತೆರೆದು, 2025ರಲ್ಲಿ ವೈದ್ಯನ ಚೀಟಿಯಿಲ್ಲದೆ ಕೊಡಬಾರದೆಂದು ಮತ್ತೆ ಅರ್ಧ ಮುಚ್ಚಿತು. 2020ನೆಯ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗದಲ್ಲಿ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯುವದಕ್ಕೆ 27 ದೇಶಗಳು ಹೌದೆಂದವು, 25 ದೇಶಗಳು ಅಲ್ಲವೆಂದವು. ನಮ್ಮ ದೇಶವು ಹೌದೆಂದವರ ಸಂಗಡ ಇತ್ತು. ಆದರೂ ಹತೋಟಿಯು ಹೋಗಲಿಲ್ಲ. ನಮ್ಮ ದೇಶದಲ್ಲಿ ಹಿಂದಿನ ಒಂದು ವರುಷದೊಳಗೆ ಭಂಗಿ, ಗಾಂಜಾ, ಚರಸ ಇವುಗಳಲ್ಲಿ ಯಾವದನ್ನಾದರೂ ಸೇವಿಸಿದವರು ಸುಮಾರು 3 ಕೋಟಿ ಜನರೆಂದು ಕೇಂದ್ರ ಸರಕಾರಕ್ಕಾಗಿ ಮಾಡಿದ ಸಮೀಕ್ಷೆಯು 2019ರಲ್ಲಿ ಹೇಳಿತು.

ಕಾಯಿದೆಯನ್ನು ಸಡಿಲಿಸಬೇಕೆನ್ನುವವರ ಮಾತಿನಲ್ಲಿ ನ್ಯಾಯವಾದದ್ದೂ ಇದೆ, ಅದನ್ನು ಮರೆಮಾಡಲಾರೆನು. ಒಂದು ಚಿಲುಮೆಗಾಗಿ ಸೆರೆಗೆ ಹೋದ ಹುಡುಗನು ಸೆರೆಮನೆಯಲ್ಲಿ ಅದಕ್ಕಿಂತ ಕೆಟ್ಟದ್ದನ್ನು ಕಲಿತು ಬರಬಹುದು. ವಕೀಲನಿಗೆ ಹಣ ಕೊಡಲಾರದವನೇ ಹೆಚ್ಚು ಕಾಲ ಕಂಬಿಯ ಹಿಂದಿರುವನು. ಬಿಗಿ ಕಾಯಿದೆ ಇರಬೇಕೆನ್ನುವವರ ಮಾತಿನಲ್ಲಿಯೂ ನ್ಯಾಯವಿದೆ. ಅಂಗಡಿಯಲ್ಲಿ ಮುದ್ರೆಯೊತ್ತಿ ಮಾರುವ ವಸ್ತುವನ್ನು ಮಕ್ಕಳು ನಿರಪಾಯವೆಂದೆಣಿಸುವರು. ಸರಕಾರದ ಲೈಸನ್ಸಿನಿಂದ ಸಾರಾಯಿ ಮಾರುತ್ತಿದ್ದ ಕಾಲವನ್ನು ನಮ್ಮಲ್ಲಿ ಹಿರಿಯರಾದವರು ಮರೆತಿಲ್ಲ. ಆ ಪೊಟ್ಟಣಗಳು ಎಷ್ಟು ಮನೆಗಳ ರೊಟ್ಟಿಯನ್ನು ತಿಂದವು! 2007ನೆಯ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಆಗ ಕುಡಿಕರೆಲ್ಲರೂ ಬಿಟ್ಟರೋ? ಕೆಲವರು ಬಿಟ್ಟರು; ಅನೇಕರು ಬೇರೆ ಬಾಟಲಿಯನ್ನು ಹುಡುಕಿದರು. ಅಂಗಡಿಯನ್ನು ತೆರೆಯುವದಕ್ಕೂ ಮುಚ್ಚುವದಕ್ಕೂ ಸರಕಾರಕ್ಕೆ ಆಗುವದು; ಹೃದಯವನ್ನು ತೆರೆಯುವದಕ್ಕೂ ಮುಚ್ಚುವದಕ್ಕೂ ಆಗದು.

ಅದಕಾರಣ ಕಾಯಿದೆಯು ಹೇಗಿರಬೇಕೆಂಬದರಲ್ಲಿ ಕ್ರೈಸ್ತರಾದ ನಾವು ಭಿನ್ನಾಭಿಪ್ರಾಯ ಉಳ್ಳವರಾದರೆ ಅದಕ್ಕಾಗಿ ಒಬ್ಬರನ್ನೊಬ್ಬರು ತಳ್ಳಬಾರದು. ಸೇದಿದವನನ್ನು ಸೆರೆಗೆ ಕಳುಹಿಸುವದಕ್ಕಿಂತ ಚಿಕಿತ್ಸೆಗೆ ಕಳುಹಿಸುವದು ಮೇಲೆಂದೂ, ಮಾರಾಟದ ಅಂಗಡಿಯು ಬೇಡವೆಂದೂ ನನ್ನ ಸ್ವಂತ ಅಭಿಪ್ರಾಯ. ಆದರೆ ಈಗಿರುವ ಕಾಯಿದೆಯು ಇರುವ ತನಕ ಅದಕ್ಕೆ ಒಳಗಾಗಿ ನಡೆಯುವದು ರೋಮಾಪುರದವರ ಪತ್ರಿಕೆಯ 13ನೆಯ ಅಧ್ಯಾಯದ ಪ್ರಕಾರ ನಮ್ಮ ಕರ್ತವ್ಯ.

ಇನ್ನು ಕರ್ತನ ವಿಷಯಕ್ಕೆ ಬರೋಣ. "ಬೀಜವುಳ್ಳ ಪೈರುಗಳನ್ನೆಲ್ಲಾ ದೇವರೇ ಕೊಟ್ಟನಲ್ಲವೇ?" ಎಂದು ಕೆಲವರು ಆದಿಕಾಂಡವನ್ನು ತೋರಿಸುತ್ತಾರೆ. ಹೌದು, ಗಾಂಜಾ ಗಿಡವನ್ನು ಸೈತಾನನು ಉಂಟುಮಾಡಲಿಲ್ಲ. ಅದರ ನಾರಿನಿಂದ ಹಗ್ಗವಾಗುವದು. ಅದರ ಸಾರದಿಂದ ಕೆಲವು ವಿಧದ ಮೂರ್ಛೆರೋಗಕ್ಕೆ ಔಷಧವೂ ಆಗುವದು. ವೈದ್ಯನು ಕೊಟ್ಟ ಔಷಧವನ್ನು ತೆಗೆದುಕೊಳ್ಳುವದು ಪಾಪವಲ್ಲ. ಪೌಲನು ತಿಮೊಥೆಯನ ಹೊಟ್ಟೆಯ ಬೇನೆಗೆ ದ್ರಾಕ್ಷಾರಸವನ್ನು ಹೇಳಲಿಲ್ಲವೋ? ಆದರೆ ಹೊಲದ ಬದುವಿನ ದತ್ತೂರಿಯೂ ಅಂಗಳದ ಕಣಗಿಲೂ ದೇವರ ಸೃಷ್ಟಿಯೇ. ಅವುಗಳನ್ನು ಯಾರೂ ತಿನ್ನುವದಿಲ್ಲ. ದೇವರು ಒಂದು ಗಿಡವನ್ನು ಯಾಕೆ ಕೊಟ್ಟನೆಂದು ಕೇಳುವದು ನಮ್ಮ ಬುದ್ಧಿಯ ಕೆಲಸ; ಆ ಬುದ್ಧಿಯನ್ನೇ ಹೊಗೆಗೆ ಒಪ್ಪಿಸಿದವನು ಏನನ್ನು ಕೇಳುವನು?

ಸೇದುವವರೆಲ್ಲರೂ ದಾಸರಾಗುವದಿಲ್ಲ, ನಿಜ. ಸುಮಾರು ಹತ್ತರಲ್ಲಿ ಒಬ್ಬನು ಆಗುವನೆಂದು ವೈದ್ಯರು ಲೆಕ್ಕಹಾಕಿದ್ದಾರೆ. ಚಿಕ್ಕ ಪ್ರಾಯದಲ್ಲಿ ಆರಂಭಿಸಿದವರಲ್ಲಿ ಇನ್ನೂ ಹೆಚ್ಚು. ಎಳೆಯ ಪ್ರಾಯದಲ್ಲಿ ಬಹಳವಾಗಿ ಸೇದಿದವರಿಗೆ ಬುದ್ಧಿಭ್ರಮೆಯ ಅಪಾಯವೂ ಹೆಚ್ಚು. ಆದರೆ ಆ ಹತ್ತನೆಯವನು ಯಾರೆಂದು ಮೊದಲನೆಯ ದಮ್ಮಿನಲ್ಲಿ ಯಾರಿಗೂ ತಿಳಿಯದು. ನಾನು ಬಲವುಳ್ಳವನೆಂದು ಒಬ್ಬನು ಹೇಳುವನು. ಇರಲಿ. ನಿನ್ನ ಮಗ್ಗುಲಲ್ಲಿ ಕೂತು ನಿನ್ನನ್ನು ನೋಡಿ ಕಲಿಯುವ ತಮ್ಮನು ಬಲವುಳ್ಳವನೋ? ಅವನಿಗಾಗಿಯೂ ಕ್ರಿಸ್ತನು ಸತ್ತನು.

ಪ್ರಸಾದದ ವಿಷಯವಾಗಿ ಒಂದು ಮಾತು. ಕೃಷ್ಣಾ ನದಿಯ ದಡದ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಹಿಂದುಗಳೂ ಮುಸಲ್ಮಾನರೂ ಕೂಡಿ ಬರುವರು. ಅಲ್ಲಿ ಗಾಂಜಾವನ್ನು ಪ್ರಸಾದವಾಗಿ ಕೊಡುವ ರೂಢಿಯನ್ನು ಕುರಿತು 2020ರಲ್ಲಿ ದೇಶದ ಪತ್ರಿಕೆಗಳೂ ಬರೆದವು. ಅದು ಧ್ಯಾನಕ್ಕೆ ಸಹಾಯವೆಂದು ಅವರು ನಂಬುತ್ತಾರೆ. ಅವರನ್ನು ಹಾಸ್ಯಮಾಡುವದು ನಮ್ಮ ಕೆಲಸವಲ್ಲ. ಕೊಯಿಲಿನಲ್ಲಿ ನಮ್ಮ ಸಂಗಡ ಬಗ್ಗಿದವರೂ, ನಮ್ಮ ಸತ್ತವರನ್ನು ಹೊತ್ತವರೂ ಅವರೇ. ಆದರೆ ಅದನ್ನು ನಮ್ಮ ಕೈಗೆ ನೀಡಿದಾಗ, ಕೊರಿಂಥದವರಿಗೆ ಬರೆದ ಅದೇ ಪತ್ರಿಕೆಯ 10ನೆಯ ಅಧ್ಯಾಯವನ್ನು ನೆನಸಿ, ಕೈಮುಗಿದು, "ಅಣ್ಣಾ, ನಾನು ಬೇರೆ ಒಡೆಯನ ಪಂಕ್ತಿಯವನು" ಎಂದು ಮರ್ಯಾದೆಯಿಂದ ಹೇಳಬೇಕು. ಮುಂದೆ ಬೇಡವೆಂದು ಹೇಳಿ ಹಿಂದೆ ಗಿಡದ ಮರೆಯಲ್ಲಿ ಸೇದುವವನು ಎರಡು ಪಂಕ್ತಿಗಳನ್ನೂ ಅವಮಾನಪಡಿಸುತ್ತಾನೆ.

ಈಗ ನನ್ನ ತಪ್ಪನ್ನು ಹೇಳಬೇಕು. ಕೆಲವು ವರುಷಗಳ ಹಿಂದೆ ನನ್ನ ಪಾಲನೆಯಲ್ಲಿದ್ದ ಒಂದು ಸಭೆಯಲ್ಲಿ ಒಬ್ಬ ವಿಧವೆಯ ಮಗನು ಗಾಂಜಾದ ಪೊಟ್ಟಣದೊಂದಿಗೆ ಸಿಕ್ಕಿಬಿದ್ದನು. ಹಿರಿಯರು ಕೂಡಿ ಅವನ ಹೆಸರನ್ನು ಪಟ್ಟಿಯಿಂದ ಹೊಡೆಯಬೇಕೆಂದರು. ನಾನು ಸುಮ್ಮನೆ ಕೂತೆನು. ಶಿಸ್ತು ಇರಬೇಕಲ್ಲವೇ ಎಂದು ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು. ಆ ತಾಯಿಯು ಅಂದಿನಿಂದ ಗುಡಿಯೊಳಗೆ ಬಾರದೆ ಬಾಗಲ ಹೊರಗೆ ಕಲ್ಲಿನ ಮೇಲೆ ಕೂತು ಪ್ರಸಂಗ ಕೇಳಿದಳು. ಎಂಟು ತಿಂಗಳಾದ ಮೇಲೆ ನಾನು ನಾಚಿಕೆಯಿಂದ ಆ ಹುಡುಗನನ್ನು ಹುಡುಕಿಕೊಂಡು ಹೋದೆನು. ಅವನು ಹೇಳಿದ್ದು ಇಷ್ಟೇ: "ಅಯ್ಯನವರೇ, ಚಿಲುಮೆಯವರು ದಿನಾಲು ನನ್ನನ್ನು ಹೆಸರು ಹಿಡಿದು ಕರೆದರು. ಸಭೆಯವರು ಒಂದು ದಿನವೂ ಕರೆಯಲಿಲ್ಲ." ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕುರುಬನು ತೊಂಭತ್ತೊಂಭತ್ತನ್ನು ಬಿಟ್ಟು ಹೋದದ್ದನ್ನು ನಾನು ಎಷ್ಟೋ ಸಾರಿ ಬೋಧಿಸಿದ್ದೆನು. ನನ್ನ ಕಾಲುಗಳು ಮಾತ್ರ ಅದನ್ನು ಕೇಳಿರಲಿಲ್ಲ. ಅವನು ಈಗ ಬಿಟ್ಟಿದ್ದಾನೋ ಎಂದು ಕೇಳುವಿರಿ. ಕೆಲವು ತಿಂಗಳು ಬಿಡುತ್ತಾನೆ, ಮತ್ತೆ ಬೀಳುತ್ತಾನೆ, ಮತ್ತೆ ಏಳುತ್ತಾನೆ. ಆದರೆ ತಾಯಿಯೂ ಮಗನೂ ಈಗ ಒಳಗೆ ಕೂಡುತ್ತಾರೆ.

ಆದದರಿಂದ, ಪ್ರಿಯರೇ, ಹೀಗೆ ಮಾಡೋಣ. "ಬೇಕಾದರೆ ಬಿಡಬಲ್ಲೆನು" ಎನ್ನುವವನು ಇಂದಿನಿಂದ ನಾಲ್ವತ್ತು ದಿವಸ ಬಿಟ್ಟು ನೋಡಲಿ. ಒಡೆಯನು ಯಾರೆಂಬದು ಅವನಿಗೇ ತಿಳಿಯುವದು. ಬಿಡಲಾರದವನು ಮುಚ್ಚಿಡದೆ ಸಭಾಪಾಲಕನಿಗಾಗಲಿ ನಂಬುವ ಹಿರಿಯನಿಗಾಗಲಿ ಹೇಳಲಿ. ಕೇಳಿದವನು ಅದನ್ನು ಬಾವಿಕಟ್ಟೆಗೆ ಒಯ್ಯದಿರಲಿ. ನಿದ್ರೆಯಿಲ್ಲದೆ, ಇಲ್ಲದ ಮಾತುಗಳನ್ನು ಕೇಳುತ್ತೇನೆನ್ನುವ ಹುಡುಗನನ್ನು ಮಂತ್ರವಾದಿಯ ಬಳಿಗೆ ಕರಕೊಂಡು ಹೋಗದೆ ಸರಕಾರಿ ಆಸ್ಪತ್ರೆಯ ವೈದ್ಯನ ಬಳಿಗೆ ಕರಕೊಂಡು ಹೋಗಿರಿ. ಚಟ ಬಿಡಿಸುವ ಸಹಾಯಕ್ಕಾಗಿ 14446 ಎಂಬ ಸಂಖ್ಯೆಗೆ ಹಣವಿಲ್ಲದೆ ಫೋನು ಮಾಡಬಹುದು. ತಾನಾಗಿ ಚಿಕಿತ್ಸೆಗೆ ಒಪ್ಪಿಕೊಂಡ ವ್ಯಸನಿಯ ಅಲ್ಪ ಅಪರಾಧಕ್ಕೆ ಕಾಯಿದೆಯೇ ವಿನಾಯಿತಿ ಇಟ್ಟಿದೆ. ಕೈಸರನ ಪುಸ್ತಕದಲ್ಲಿ ಇಷ್ಟು ಕರುಣೆಯಿರುವಾಗ ಸಭೆಯ ಪಟ್ಟಿಯಲ್ಲಿ ಅದಕ್ಕಿಂತ ಕಡಿಮೆಯಿರಬಹುದೋ?

ಕಡೆಗೆ ಗೊಲ್ಗೊಥಾದ ಕಡೆಗೆ ನೋಡಿರಿ. ಶಿಲುಬೆಗೆ ಹಾಕುವ ಮೊದಲು ನೋವು ತಿಳಿಯದ ಹಾಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ನಮ್ಮ ಕರ್ತನಿಗೆ ಕೊಟ್ಟರೆಂದು ಮಾರ್ಕನು ಬರೆದಿದ್ದಾನೆ. ಆತನು ತೆಗೆದುಕೊಳ್ಳಲಿಲ್ಲ. ನಮ್ಮ ಪಾಪದ ಭಾರವನ್ನು ಎಚ್ಚರವಾದ ಬುದ್ಧಿಯಿಂದಲೇ ಹೊತ್ತನು. ಎಚ್ಚರವಾಗಿದ್ದದರಿಂದಲೇ ಪಕ್ಕದ ಕಳ್ಳನ ಮೊರೆಯನ್ನು ಕೇಳಿ ಉತ್ತರಕೊಟ್ಟನು. ಆ ಯೌವನಸ್ಥನಿಗೆ ನನ್ನ ಉತ್ತರವು ಇದೇ: ತಮ್ಮಾ, ಕಾಯಿದೆಯು ನಾಳೆ ಬದಲಾಗಬಹುದು, ಬದಲಾಗದಿರಬಹುದು. ಎರಡು ಪಕ್ಷದಲ್ಲಿಯೂ ನೀನು ಕ್ರಯಕ್ಕೆ ಕೊಳ್ಳಲ್ಪಟ್ಟವನು. ನಿನ್ನನ್ನು ಕೊಂಡುಕೊಂಡವನು ಎಚ್ಚರವಾಗಿದ್ದಾನೆ, ನೀನೂ ಎಚ್ಚರವಾಗಿರು.

ನಮ್ಮ ಹಳ್ಳಿಗಳ ಮಕ್ಕಳನ್ನು ಕರ್ತನು ಕಾಪಾಡಲಿ. ಬಿದ್ದವರನ್ನು ಎಬ್ಬಿಸುವ ಕೈಗಳನ್ನು ನಮಗೆ ಕೊಡಲಿ. ಆಮೆನ್.