ಅಸ್ತೇಯ ವ್ರತ ಮತ್ತು ಗಣಕಯಂತ್ರದ ತಂತ್ರಾಂಶ

ಅಣುವ್ರತಗಳೈದರಲ್ಲಿ ಅಚೌರ್ಯವೇ ಪಾಲಿಸಲು ಸುಲಭವಾದುದೆಂಬ ಭಾವನೆ ಶ್ರಾವಕ ಕುಟುಂಬಗಳಲ್ಲಿ ಸಾಮಾನ್ಯವಾಗಿದೆ. ಪರರ ಮನೆಗೆ ಕನ್ನವಿಕ್ಕುವವರು ಅವರಲ್ಲಿಲ್ಲ. ಅಂಗಡಿಯ ತಕ್ಕಡಿಯಲ್ಲಿ ಮೋಸ ಮಾಡಬಾರದೆಂಬುದು ಹಿರಿಯರಿಂದ ಬಂದ ಪಾಠ. ಆದರೆ ಅದೇ ಅಂಗಡಿಯ ಲೆಕ್ಕವನ್ನು ಬರೆಯುವ ಗಣಕಯಂತ್ರದಲ್ಲಿ, ಬಸದಿಯ ಟ್ರಸ್ಟು ದಾನದ ರಸೀದಿಯನ್ನು ಮುದ್ರಿಸುವ ಗಣಕಯಂತ್ರದಲ್ಲಿ, ಹಣ ಕೊಡದೆ ನಕಲು ಮಾಡಿಕೊಂಡ ಆಫೀಸ್ ತಂತ್ರಾಂಶವಿದ್ದರೆ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಯನ್ನು ಕೇಳಿದೊಡನೆ ಬರುವ ಉತ್ತರ ಒಂದೇ: ‘ಎಲ್ಲರೂ ಹಾಗೆಯೇ ಮಾಡುತ್ತಾರೆ, ಯಂತ್ರವೂ ಒಪ್ಪಿಕೊಂಡಿದೆಯಲ್ಲ?’ ಯಂತ್ರದ ಒಪ್ಪಿಗೆ ಎಂದರೇನು, ಅದು ಕೊಟ್ಟವನ ಒಪ್ಪಿಗೆಗೆ ಸಮನಾಗುವುದೇ ಎಂಬುದು ವಿಚಾರಾರ್ಹ.

ಮೊದಲು ಈ ವ್ಯವಹಾರದ ಸ್ವರೂಪವನ್ನು ತಿಳಿಯಬೇಕು. ಆಫೀಸ್ ತಂತ್ರಾಂಶಕ್ಕೆ ಹಣ ಕೊಟ್ಟವನು ತಂತ್ರಾಂಶದ ಒಡೆಯನಾಗುವುದಿಲ್ಲ. ಅವನಿಗೆ ದೊರೆಯುವುದು ಗೊತ್ತಾದ ಷರತ್ತುಗಳಿಗೆ ಒಳಪಟ್ಟು ಬಳಸುವ ಪರವಾನಗಿ. ಒಂದು ಯಂತ್ರಕ್ಕೆ ಕೊಂಡ ಪರವಾನಗಿ ಹತ್ತು ಯಂತ್ರಗಳಿಗೆ ಸಲ್ಲುವುದಿಲ್ಲ. ಹೊಸ ಯಂತ್ರದೊಡನೆಯೇ ಬಂದ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕೇ ಕಟ್ಟುಬಿದ್ದಿರುತ್ತದೆ. ಇದನ್ನು ಗುರುತಿಸಲೆಂದು ಮೈಕ್ರೋಸಾಫ್ಟ್ ಕಂಪನಿಯು ಇಪ್ಪತ್ತೈದು ಅಕ್ಷರಗಳ ‘ಪ್ರಾಡಕ್ಟ್ ಕೀ’ಯನ್ನು ನೀಡುತ್ತದೆ. ಬರಿಯ ಕೀಯನ್ನು ಒಬ್ಬರಿಂದೊಬ್ಬರು ಬರೆದುಕೊಳ್ಳತೊಡಗಿದ್ದರಿಂದ ೨೦೦೧ರಲ್ಲಿ ಬಂದ ಆಫೀಸ್ ಎಕ್ಸ್‌ಪಿ ಮತ್ತು ವಿಂಡೋಸ್ ಎಕ್ಸ್‌ಪಿಗಳಲ್ಲಿ ‘ಆಕ್ಟಿವೇಶನ್’ ಎಂಬ ಎರಡನೆಯ ಪರೀಕ್ಷೆಯನ್ನು ವ್ಯಾಪಕವಾಗಿ ಸೇರಿಸಲಾಯಿತು.

ಅದರ ಕ್ರಮ ಹೀಗಿತ್ತು. ವಿಂಡೋಸ್ ಎಕ್ಸ್‌ಪಿಯು ಯಂತ್ರದೊಳಗಿನ ಪ್ರೊಸೆಸರ್, ಹಾರ್ಡ್ ಡಿಸ್ಕ್, ಮೆಮೊರಿ, ನೆಟ್‌ವರ್ಕ್ ಕಾರ್ಡ್ ಮೊದಲಾದ ಹತ್ತು ಭಾಗಗಳ ಲಕ್ಷಣಗಳನ್ನು ಗಣಿತದ ಮೂಲಕ ಒಂದು ಚಿಕ್ಕ ಸಂಖ್ಯೆಯಾಗಿ ಇಳಿಸುತ್ತಿತ್ತು. ಆ ಸಂಖ್ಯೆಯಿಂದ ಮೂಲ ಭಾಗಗಳ ಪೂರ್ಣ ವಿವರವನ್ನು ಮರಳಿ ಪಡೆಯಲಾಗದು. ಈ ಸಂಖ್ಯೆಯನ್ನೂ ಕೀಯಿಂದ ಹುಟ್ಟಿದ ಕ್ರಮಸಂಖ್ಯೆಯನ್ನೂ ಕೂಡಿಸಿ ಐವತ್ತು ಅಂಕಿಗಳ ‘ಇನ್‌ಸ್ಟಾಲೇಶನ್ ಐಡಿ’ ಸಿದ್ಧವಾಗುತ್ತಿತ್ತು. ಇಂಟರ್‌ನೆಟ್ ಇಲ್ಲದವರು ಅದನ್ನು ದೂರವಾಣಿಯಲ್ಲಿ ಓದಿಹೇಳಿದರೆ, ಕಂಪನಿಯು ನಲವತ್ತೆರಡು ಅಂಕಿಗಳ ‘ಕನ್‌ಫರ್ಮೇಶನ್ ಐಡಿ’ಯನ್ನು ಮರಳಿ ಕೊಡುತ್ತಿತ್ತು. ಆಕ್ಟಿವೇಟ್ ಆಗದ ಆಫೀಸ್ ಎಕ್ಸ್‌ಪಿ ಐವತ್ತು ಬಾರಿ ತೆರೆದ ಮೇಲೆ ಕುಗ್ಗಿಹೋಗುತ್ತಿತ್ತು: ಹಳೆಯ ಕಡತವನ್ನು ನೋಡಬಹುದು, ಹೊಸದನ್ನು ಬರೆದು ಉಳಿಸಲಾಗದು.

ಅನೇಕ ಯಂತ್ರಗಳುಳ್ಳ ಸಂಸ್ಥೆಗಳಿಗೆ ಬೇರೊಂದು ವಿಧಾನವಿದೆ. ಅಲ್ಲಿ ‘ಕೆಎಂಎಸ್’ ಎಂಬ ಸರ್ವರ್ ಸಂಸ್ಥೆಯ ಒಳಗೇ ಇದ್ದು, ಕಂಪನಿಯ ಪರವಾಗಿ ಸಂಸ್ಥೆಯ ಇತರ ಯಂತ್ರಗಳಿಗೆ ಒಪ್ಪಿಗೆ ಕೊಡುತ್ತದೆ. ಆಫೀಸ್ ತಂತ್ರಾಂಶವಾದರೆ ಕನಿಷ್ಠ ಐದು ಯಂತ್ರಗಳು ಕೇಳಿರಬೇಕು. ಒಮ್ಮೆ ಕೊಟ್ಟ ಒಪ್ಪಿಗೆ ೧೮೦ ದಿನ ಮಾತ್ರ ಊರ್ಜಿತ. ಯಂತ್ರವು ಅದನ್ನು ನವೀಕರಿಸಿಕೊಳ್ಳುತ್ತಿರಬೇಕು. ಈ ಯಂತ್ರಗಳಲ್ಲಿ ಹಾಕಬೇಕಾದ ಸಾಮಾನ್ಯ ಕೀಗಳನ್ನು ಕಂಪನಿಯೇ ಬಹಿರಂಗವಾಗಿ ಪ್ರಕಟಿಸಿದೆ. ಇದನ್ನು ಕಂಡು, ಸಂಸ್ಥೆಯೂ ಇಲ್ಲದೆ ಒಪ್ಪಂದವೂ ಇಲ್ಲದೆ, ಸುಳ್ಳು ಸರ್ವರ್ ಒಂದನ್ನು ಯಂತ್ರದ ಮುಂದೆ ನಿಲ್ಲಿಸಿ ‘ಒಪ್ಪಿಗೆ’ ಪಡೆಯುವ ಉಪಾಯವೂ ಹುಟ್ಟಿಕೊಂಡಿತು. ಪರದೆಯ ಮೇಲೆ ಆಗಲೂ ‘ಆಕ್ಟಿವೇಟ್ ಆಗಿದೆ’ ಎಂಬ ಮಾತೇ ಮೂಡುತ್ತದೆ.

ಇಲ್ಲಿಯೇ ಧರ್ಮದ ಪ್ರಶ್ನೆ ನಿಂತಿದೆ. ಕೀ ಬಹಿರಂಗವಾಗಿದೆ, ಯಂತ್ರ ಒಪ್ಪಿದೆ. ಹಾಗಾದರೆ ಅದು ಕೊಟ್ಟದ್ದೇ ಆಯಿತಲ್ಲವೇ?

ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಕೊಡದಿದ್ದುದನ್ನು ತೆಗೆದುಕೊಳ್ಳುವುದನ್ನೇ ಕಳವೆಂದು ನಿರೂಪಿಸುತ್ತದೆ. ಅದಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದ ಆಚಾರ್ಯರು ಈ ನಿರೂಪಣೆಗೆ ಬರಬಹುದಾದ ಒಂದು ಆಕ್ಷೇಪವನ್ನು ತಾವೇ ಎತ್ತುತ್ತಾರೆ. ಊರಿನ ಬೀದಿಗಳಲ್ಲಿಯೂ ದ್ವಾರಗಳಲ್ಲಿಯೂ ಸಂಚರಿಸುವ ಭಿಕ್ಷುವಿಗೆ ಅವನ್ನು ಯಾರೂ ಕೊಟ್ಟಿಲ್ಲ. ಹಾಗಾದರೆ ಅವನೂ ಕಳ್ಳನಾಗಬೇಕಲ್ಲವೇ? ಅವು ಸರ್ವರಿಗೂ ಸಾಮಾನ್ಯವಾಗಿ ತೆರೆದಿರುವುದರಿಂದ ದೋಷವಿಲ್ಲ, ಆ ಕಾರಣದಿಂದಲೇ ಭಿಕ್ಷುವು ಮುಚ್ಚಿದ ಬಾಗಿಲನ್ನು ಪ್ರವೇಶಿಸುವುದಿಲ್ಲ ಎಂಬುದು ಆಚಾರ್ಯರ ಸಮಾಧಾನದ ತಾತ್ಪರ್ಯ. ಗಣಕಯಂತ್ರವನ್ನು ಕನಸಿನಲ್ಲಿಯೂ ಕಾಣದ ಕಾಲದ ಈ ವಿವೇಚನೆ ಇಂದಿನ ಪ್ರಶ್ನೆಗೆ ನೇರವಾಗಿ ಅನ್ವಯಿಸುತ್ತದೆ. ಬಾಗಿಲು ಯಾರಿಗಾಗಿ ತೆರೆದಿದೆ ಎಂಬುದನ್ನು ನಿಶ್ಚಯಿಸುವುದು ತೆರೆದವನ ಉದ್ದೇಶ. ಪ್ರಕಟವಾದ ಕೀ ಮನೆಯ ಬಾಗಿಲ ಮೇಲೆ ಬರೆದ ನಂಬರಿನಂತೆ. ಬರಬೇಕಾದವರಿಗೆ ಗುರುತು ಹೇಳುತ್ತದೆ, ಬಂದವರೆಲ್ಲರಿಗೂ ಒಳಗೆ ವಾಸಿಸುವ ಹಕ್ಕನ್ನು ಕೊಡುವುದಿಲ್ಲ. ಆಕ್ಟಿವೇಶನ್ ಎಂಬುದು ಬೀಗದ ಸದ್ದು ಮಾತ್ರ. ಬೀಗ ತೆರೆದುಕೊಂಡಿತೆಂಬುದನ್ನು ಅದು ಹೇಳಬಲ್ಲದು. ಒಡೆಯನು ಕೊಟ್ಟನೆಂಬುದನ್ನು ಹೇಳಲಾರದು.

ನಕಲು ಮಾಡುವುದರಿಂದ ಒಡೆಯನ ಬಳಿ ಇದ್ದುದು ಕಡಿಮೆಯಾಗುವುದಿಲ್ಲವಲ್ಲ ಎಂಬ ವಾದವೊಂದಿದೆ. ಇದು ಹಗುರವಾದ ವಾದವಲ್ಲ. ೧೯೭೬ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಅವರು ಗಣಕ ಹವ್ಯಾಸಿಗಳಿಗೆ ಬರೆದ ಬಹಿರಂಗ ಪತ್ರದಲ್ಲಿ, ಹಣ ಕೊಡದೆ ನಕಲು ಮಾಡುವುದು ಕಳವೇ ಎಂದು ದೂರಿದರು. ನೆರೆಯವನೊಡನೆ ತಂತ್ರಾಂಶವನ್ನು ಹಂಚಿಕೊಳ್ಳದಂತೆ ತಡೆಯುವ ಷರತ್ತೇ ಅನೈತಿಕವೆಂದು ರಿಚರ್ಡ್ ಸ್ಟಾಲ್‌ಮನ್ ವಾದಿಸಿದರು. ಆದರೆ ಸ್ಟಾಲ್‌ಮನ್ ಅವರ ಮುಖ್ಯ ಸಾಧನೆ ಬೀಗ ಒಡೆದುದರಲ್ಲಿಲ್ಲ. ಅವರು ೧೯೮೩ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ, ಹಂಚಿಕೊಳ್ಳಲು ಮೊದಲೇ ಅನುಮತಿಯುಳ್ಳ ತಂತ್ರಾಂಶವನ್ನು ಹೊಸದಾಗಿ ಕಟ್ಟತೊಡಗಿದರು.

ಒಡೆಯನಿಗೆ ಎಷ್ಟು ನಷ್ಟವಾಯಿತೆಂಬುದು ನ್ಯಾಯಾಲಯದ ಲೆಕ್ಕ. ವ್ರತದ ದೃಷ್ಟಿ ತೆಗೆದುಕೊಳ್ಳುವವನ ಪರಿಣಾಮದ ಕಡೆಗಿದೆ. ಪ್ರಮತ್ತಯೋಗ, ಎಂದರೆ ಕಷಾಯಗಳಿಗೆ ವಶವಾದ ಅಜಾಗರೂಕ ಪ್ರವೃತ್ತಿ, ಹಿಂಸೆಯಲ್ಲಿರುವಂತೆ ಕಳವಿನಲ್ಲಿಯೂ ಮೂಲವೆಂದು ಆಚಾರ್ಯರು ಹೇಳುತ್ತಾರೆ. ಸುಳ್ಳು ಸರ್ವರನ್ನು ನಿಲ್ಲಿಸುವವನ ಮನಸ್ಸಿನಲ್ಲಿ ಲೋಭವಿದೆ, ಮಾಯೆಯಿದೆ. ನಷ್ಟವು ಒಂದು ರೂಪಾಯಿಯೂ ಆಗಿರದಿದ್ದರೂ ಆ ಕಷಾಯಗಳು ಉಳಿದೇ ಇರುತ್ತವೆ.

ಅಚೌರ್ಯದ ಐದು ಅತಿಚಾರಗಳನ್ನು ಈ ಬೆಳಕಿನಲ್ಲಿ ಓದಿದರೆ ಅವು ಇಂದಿಗೇ ಬರೆದಂತಿವೆ. ನೌಕರನಿಗೆ ‘ಹೇಗಾದರೂ ಹಾಕಿಬಿಡು’ ಎಂದು ಹೇಳುವುದು ಸ್ತೇನಪ್ರಯೋಗ. ಸಂಸ್ಥೆಯೊಂದರ ಕೀಯನ್ನು ಕದ್ದು ಬಿಡಿಯಾಗಿ ಮಾರುವವನಿಂದ, ತಿಳಿದೂ ತಿಳಿದೂ, ನಂಬಲಾಗದಷ್ಟು ಅಗ್ಗದ ಬೆಲೆಗೆ ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ; ಭಾರತದ ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೧೯೯೪ರಲ್ಲಿ ಆದ ತಿದ್ದುಪಡಿಯು ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸುವುದನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು, ೨೦೧೨ರ ತಿದ್ದುಪಡಿಯು ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯ ಬೀಗವನ್ನು ಮುರಿಯುವುದನ್ನೂ ಸೇರಿಸಿತು. ಐದು ಯಂತ್ರಗಳಿಗೆ ಕೊಂಡು ಐವತ್ತರಲ್ಲಿ ಬಳಸುವುದು ಅಳತೆಯ ಮೋಸವಾದ ಹೀನಾಧಿಕಮಾನೋನ್ಮಾನಕ್ಕೆ ಹತ್ತಿರದ್ದು. ನಕಲಿಯನ್ನು ಅಸಲಿಯಂತೆ ನಡೆಸುವುದು ಪ್ರತಿರೂಪಕ ವ್ಯವಹಾರ. ಸುಳ್ಳು ಸರ್ವರಿಗೆ ಇದಕ್ಕಿಂತ ತಕ್ಕ ಹೆಸರಿಲ್ಲ.

‘ಇದು ಧರ್ಮಕಾರ್ಯ, ಲಾಭಕ್ಕಾಗಿ ಮಾಡಿದ್ದಲ್ಲ’ ಎಂಬ ಸಮಜಾಯಿಷಿ ಟ್ರಸ್ಟುಗಳಿಂದ ಬರುವುದುಂಟು. ಆದರೆ ದಾನವೆಂಬುದು ತನ್ನದನ್ನು ಕೊಡುವುದು. ಆ ದಾನಕ್ಕೆ ಕೊಡುವ ರಸೀದಿಯೇ ಅದತ್ತವಾದ ಸಾಧನದಿಂದ ಮುದ್ರಿತವಾದರೆ, ದಾನಿಯ ಶುದ್ಧಭಾವಕ್ಕೆ ಟ್ರಸ್ಟು ತಕ್ಕ ಪ್ರತಿಯನ್ನು ಕೊಟ್ಟಂತಾಗಲಿಲ್ಲ. ಹಣದ ಅಭಾವವೂ ಈಗ ಪ್ರಬಲ ಕಾರಣವಾಗಿ ಉಳಿದಿಲ್ಲ. ೨೦೧೦ರಲ್ಲಿ ಆರಂಭವಾದ ಲಿಬ್ರೆಆಫೀಸ್ ಪತ್ರ, ಲೆಕ್ಕ, ಪಟ್ಟಿಗಳಿಗೆ ಸಾಕಾಗುವಷ್ಟು ಸಮರ್ಥವಾಗಿದ್ದು, ಎಷ್ಟು ಯಂತ್ರಗಳಿಗಾದರೂ ಕೀಯಿಲ್ಲದೆ ಹಾಕಿಕೊಳ್ಳಲು ಅನುಮತಿಯಿದೆ. ಕನ್ನಡ ಬರವಣಿಗೆಗೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶ ಉಚಿತವಾಗಿ ದೊರಕಿದೆ. ಇವು ಪೂಜ್ಯಪಾದರು ಹೇಳಿದ ತೆರೆದ ಬೀದಿಗಳು. ಬೀದಿ ತೆರೆದಿರುವಾಗ ಮುಚ್ಚಿದ ಬಾಗಿಲನ್ನು ಮೀಟುವವನಿಗೆ ಕಷ್ಟಕಾಲದ ನೆಪವೂ ಇಲ್ಲ.

ಹಾಗೆಂದು ಬೀಗ ಹಾಕಿದವನೆಲ್ಲ ಧರ್ಮಿಷ್ಠನೆಂದು ತಿಳಿಯಬೇಕಾಗಿಲ್ಲ. ಹಣ ಕೊಟ್ಟು ಕೊಂಡವನು ಯಂತ್ರದ ಭಾಗಗಳನ್ನು ಬದಲಿಸಿದಾಗ ಅವನ ಯಂತ್ರ ಅಪರಿಚಿತವೆನಿಸಿ, ಮತ್ತೆ ಆಕ್ಟಿವೇಶನ್ ಕೇಳಿಸಿಕೊಳ್ಳುವ ಪ್ರಸಂಗ ಬರುತ್ತದೆ. ಅವನು ದೋಷಿಯಲ್ಲ, ಅವನ ಹಕ್ಕು ರಸೀದಿಯಲ್ಲಿ, ಒಪ್ಪಂದದಲ್ಲಿ ಇದ್ದೇ ಇದೆ. ಅವನನ್ನು ಕಳ್ಳನಂತೆ ಕಾಣದೆ, ಷರತ್ತುಗಳನ್ನು ತಿಳಿಯುವ ಮಾತಿನಲ್ಲಿ ಹೇಳುವುದು ಮಾರುವವನ ಕರ್ತವ್ಯ. ಮಾರುವವನು ಅದರಲ್ಲಿ ತಪ್ಪಿದರೆ ಅವನಿಂದ ಕೊಳ್ಳದಿರುವ ಸ್ವಾತಂತ್ರ್ಯ ಶ್ರಾವಕನಿಗಿದೆ; ಕದಿಯುವ ಸ್ವಾತಂತ್ರ್ಯ ಅದರಿಂದ ಹುಟ್ಟುವುದಿಲ್ಲ.

ಪ್ರತಿಯೊಂದು ಟ್ರಸ್ಟೂ ತನ್ನ ಪಾತ್ರೆ, ದೀಪ, ಆಭರಣಗಳಿಗೆ ದಾಸ್ತಾನು ಪುಸ್ತಕವನ್ನು ಇಡುತ್ತದೆ. ಅದರಲ್ಲಿ ಇನ್ನೊಂದು ಪುಟವನ್ನು ತೆರೆದು, ಯಾವ ಯಂತ್ರದಲ್ಲಿ ಯಾವ ತಂತ್ರಾಂಶವಿದೆ, ಅದು ಕೊಂಡದ್ದೋ, ದಾನವಾಗಿ ಬಂದದ್ದೋ, ಎಲ್ಲರಿಗೂ ಮುಕ್ತವಾದದ್ದೋ, ಅದರ ರಸೀದಿ ಎಲ್ಲಿದೆ ಎಂಬುದನ್ನು ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ಉತ್ತರವಿಲ್ಲದ ಸಾಲುಗಳು ಅಲ್ಲಿ ಕಂಡುಬಂದರೆ, ಅವುಗಳನ್ನು ಅಳಿಸಿ ಕೊಳ್ಳುವುದೋ ಮುಕ್ತವಾದುದಕ್ಕೆ ತಿರುಗುವುದೋ ಆಡಳಿತ ಮಂಡಳಿಯ ತೀರ್ಮಾನ. ಪ್ರತಿಕ್ರಮಣದಲ್ಲಿ ಅತಿಚಾರಗಳನ್ನು ನೆನೆಯುವ ಶ್ರಾವಕನಿಗೆ ಈ ಪುಟವೂ ಆಲೋಚನೆಯ ಒಂದು ಭಾಗವಾಗಲು ಯೋಗ್ಯವಾಗಿದೆ.