ಹಕ್ಕಿಗೆ ಹೇಳಿದ ಸುಳ್ಳು

ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಪಾಠ ಹೇಳುತ್ತಲೇ ನನ್ನ ತಲೆ ನೆರೆಯಿತು. ಹಾಗೆಂದು ನಾನೇನೂ ಹರಿಶ್ಚಂದ್ರನ ವಂಶದವಳಲ್ಲ. ಯಾರದೋ ಮನೆಯಲ್ಲಿ ತಿಂಡಿ ಆಯಿತೇ ಎಂದು ಕೇಳಿದರೆ ಹಸಿದಿದ್ದರೂ ಆಯಿತು ಎನ್ನುತ್ತೇವೆ. ಸೀರೆ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತೇವೆ. ಅವುಗಳ ಬೆಲೆ ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದರೆ ಹೋದ ಬೇಸಿಗೆ ರಜೆಯಲ್ಲಿ ನಾನೊಂದು ಹಕ್ಕಿಗೆ ಸುಳ್ಳು ಹೇಳಿದೆ. ಅದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ತಂಗಿಯ ಮಗ ಬಂದಿದ್ದ. ಅವನಿಗೆ ಬೆಂಗಳೂರಿನಲ್ಲಿ ಕೆಲಸ; ಭಾನುವಾರ ಬಂತೆಂದರೆ ಕೊರಳಿಗೆ ದುರ್ಬೀನು. ನನ್ನ ಮೊಬೈಲಿಗೆ ಮರ್ಲಿನ್ ಎಂಬ ಆ್ಯಪ್ ಹಾಕಿಕೊಟ್ಟ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರು 2014ರಲ್ಲಿ ಹೊರತಂದದ್ದು, ದುಡ್ಡು ಕೊಡಬೇಕಿಲ್ಲ. 2021ರಿಂದ ಅದಕ್ಕೆ ಕಿವಿಯೂ ಬಂದಿದೆ. ಹಿತ್ತಿಲಲ್ಲಿ ಹಿಡಿದು ನಿಂತರೆ ಕೂಗುತ್ತಿರುವ ಹಕ್ಕಿಯ ಹೆಸರು, ಚಿತ್ರ ಎರಡೂ ಮೂಡುತ್ತವೆ. ಪಕ್ಕದ ಮನೆಯ ಕುಕ್ಕರ್ ಕೂಗಿದಾಗ ಯಾವ ಹೆಸರು ತೋರಿಸೀತು ಎಂದು ಕಾದೆ. ಜಾಣ ಯಂತ್ರ, ಸುಮ್ಮನಿತ್ತು.

ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ನುಗ್ಗೆಮರದ ತುದಿಯಿಂದ ಕೇಳಿಬರುವ ಹಾಡು ಮಡಿವಾಳ ಹಕ್ಕಿಯದೆಂದು ಹಾಗೆ ತಿಳಿಯಿತು. ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಪ್ರತಿ ಬೇಸಿಗೆಯಲ್ಲೂ ಕೇಳಿದ್ದೇನೆ, ಯಾರದೆಂದು ವಿಚಾರಿಸಿರಲಿಲ್ಲ. ನೆರೆಮನೆಯಾಕೆಯ ಹೆಸರನ್ನು ಅಷ್ಟು ವರ್ಷ ಕೇಳದೆ ಉಳಿದಂತೆ ನಾಚಿಕೆಯಾಯಿತು. ಆದ್ದರಿಂದ ಯಂತ್ರವನ್ನು ದೂರಲು ನನಗೆ ಬಾಯಿಲ್ಲ.

ನನ್ನ ಕಣ್ಣಿಗೆ ಅದು ಮರದ ತುದಿಯ ಕಪ್ಪು ಚುಕ್ಕೆ. "ಹತ್ತಿರದಿಂದ ನೋಡ್ತೀರಾ ದೊಡ್ಡಮ್ಮ?" ಎಂದು ಅವನು ಅದೇ ಆ್ಯಪಿನಲ್ಲಿದ್ದ ಮಡಿವಾಳನ ದನಿಯನ್ನು ಮುಟ್ಟಿದ. ಒಂದು ನಿಮಿಷವೂ ಆಗಿರಲಿಲ್ಲ, ಹಕ್ಕಿ ಕಾಂಪೌಂಡಿನ ಮೇಲೆ ಇಳಿದು ಬಂತು. ಮಿರುಗುವ ಕಪ್ಪು ಮೈ, ಒಗೆದು ಹಾಕಿದಂಥ ಬಿಳಿ ಹೊಟ್ಟೆ, ನಿಮಿರಿದ ಬಾಲ. ನಾನು ಒಂದನೇ ತರಗತಿಯ ಮಗುವಿನಂತೆ ಚಪ್ಪಾಳೆ ತಟ್ಟಿದೆ.

ಅವನು ಹೊರಟುಹೋದ ಮೇಲೂ ನನ್ನ ಆಟ ನಿಲ್ಲಲಿಲ್ಲ. ಹಾಲಿನಾಕೆಗೊಮ್ಮೆ ತೋರಿಸಿದೆ, ಪಕ್ಕದ ಮನೆಯ ಮಕ್ಕಳಿಗೊಮ್ಮೆ ತೋರಿಸಿದೆ. ಟೀಚರ್ ಕರೆದರೆ ಹಕ್ಕಿ ಬರುತ್ತದೆ ಎಂಬ ಹೆಸರು ಬಂತು. ಹೆಸರು ಯಾರಿಗೆ ಬೇಡ? ನಾಲ್ಕನೆಯ ದಿನ ಹತ್ತು ನಿಮಿಷ ಬಿಡದೆ ಹಾಕಿದೆ. ಹಕ್ಕಿ ಬಟ್ಟೆ ಒಣಗುವ ತಂತಿಯಿಂದ ಸೀಬೆಗಿಡಕ್ಕೆ, ಸೀಬೆಗಿಡದಿಂದ ಗೋಡೆಗೆ ಹಾರಿ ಹಾರಿ ಹಾಡಿತು. ಆಗ ಇನ್ನೊಂದು ಕಡೆ ಕಣ್ಣು ಹೋಯಿತು. ಬೂದುಬಣ್ಣದ ಹೆಣ್ಣು ಹಕ್ಕಿ, ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ಒಳಗೆ ಹೋಗಲಾರದೆ ಕೂತಿತ್ತು. ನಾನು ನಿಂತಿದ್ದ ಜಾಗದ ಹಿಂದೆಯೇ ಹಳೆಯ ಗೋಡೆಯ ಬಿಲ. ಒಳಗೆ ಮರಿಗಳ ಸಣ್ಣ ದನಿ.

ಮೊಬೈಲ್ ಆರಿಸಿ ಒಳಗೆ ಬಂದೆ. ಆಮೇಲೆ ಓದಿ ತಿಳಿದದ್ದು: ಗಂಡು ಮಡಿವಾಳ ಹಾಡುವುದು ನಮ್ಮ ಸಂತೋಷಕ್ಕಲ್ಲ, ಬೇಲಿ ಹಾಕಿಕೊಳ್ಳಲು. ಇದು ನನ್ನ ಜಾಗ ಎಂದು ಸಾರುವ ಹಾಡು ಅದು. ಹಾಗಾದರೆ ಅದಕ್ಕೆ ನಾನು ಹೇಳಿದ್ದೇನು? ನಿನ್ನ ಮನೆಗೆ ಇನ್ನೊಬ್ಬ ನುಗ್ಗಿದ್ದಾನೆ ಎಂದು. ಮಕ್ಕಳಿಗೆ ತುತ್ತು ಕೊಡುವ ಹೊತ್ತಿನಲ್ಲಿ ಕಳ್ಳ ಬಂದ ಎಂದು ಯಾರೋ ಬಾಗಿಲು ಬಡಿದು ಮರೆಯಲ್ಲಿ ನಿಂತು ನಕ್ಕರೆ ನಾವು ಅವರನ್ನು ಏನೆಂದು ಕರೆಯುತ್ತೇವೆ?

ಫೋನಿನಲ್ಲಿ ಹುಡುಗನಿಗೆ ಹೇಳಿದೆ. ಅವನು ದಡ್ಡನಲ್ಲ. "ಸಲೀಂ ಅಲಿಯವರೂ ಅಧ್ಯಯನಕ್ಕೆ ಅಂತ ಹಕ್ಕಿಗಳಿಗೆ ಗುಂಡು ಹೊಡೆದವರೇ. ಗೂಬೆಗಳ ಗಣತಿಯನ್ನೂ ಹೀಗೆ ಕೂಗು ಹಾಕಿ ಮಾಡ್ತಾರೆ. ಕಾಡಿನ ಭೀಮರಾಜ ಬೇರೆ ಹಕ್ಕಿಗಳ ದನಿ ಅನುಕರಿಸುತ್ತೆ, ಅದು ಮೋಸ ಅಲ್ವಾ? ಹಕ್ಕಿಗೆ ಸತ್ಯ ಸುಳ್ಳು ಎಲ್ಲಿಂದ ಬಂತು ದೊಡ್ಡಮ್ಮ?" ಎಂದ.

ಒಂದು ವಾರ ಇದನ್ನೇ ಯೋಚಿಸಿದೆ. ಹಕ್ಕಿಗೆ ಸತ್ಯ ಸುಳ್ಳು ಇಲ್ಲದಿರಬಹುದು. ಆದರೆ ಸುಳ್ಳು ಹೇಳಿದ್ದು ಹಕ್ಕಿಯಲ್ಲ, ನಾನು. ನನಗೆ ಅವೆರಡರ ವ್ಯತ್ಯಾಸ ಗೊತ್ತಿದೆ. ಗಣತಿಯವರಿಗೆ ಒಂದು ಉದ್ದೇಶವಿದೆ, ನನಗಿದ್ದದ್ದು ಮೋಜು. ಇಷ್ಟಕ್ಕೆ ಸಮಾಧಾನ ಮಾಡಿಕೊಳ್ಳಬಹುದಿತ್ತು, ಆಗಲಿಲ್ಲ. ಮಕ್ಕಳಿಗೆ ನಿಸರ್ಗದ ಪಾಠ ಎಂಬ ಉದ್ದೇಶವನ್ನು ನಾನೂ ಒಂದು ಗಳಿಗೆಯಲ್ಲಿ ಹುಟ್ಟಿಸಿಕೊಳ್ಳಬಲ್ಲೆ. ಉದ್ದೇಶ ಹುಟ್ಟಿಸುವುದರಲ್ಲಿ ನಾವು ಮೇಷ್ಟ್ರುಗಳು ನಿಸ್ಸೀಮರು.

ಹಳಗನ್ನಡದಲ್ಲಿ ದೀವ ಎಂಬ ಮಾತಿದೆ. ತನ್ನ ಜಾತಿಯ ಪ್ರಾಣಿಗಳನ್ನು ಸೆಳೆದು ತರಲೆಂದು ಬೇಟೆಗಾರ ಸಾಕಿಟ್ಟುಕೊಂಡ ಮೃಗ ಅಥವಾ ಹಕ್ಕಿ. ಬಿ.ಎ. ಓದುವಾಗ ಪರೀಕ್ಷೆಗೆಂದು ಅದರ ಅರ್ಥ ಬಾಯಿಪಾಠ ಮಾಡಿದ್ದೆ. ಆ ದೀವ ಈಗ ನನ್ನ ಸೆರಗಿನ ಗಂಟಿನ ಪಕ್ಕ ಮೊಬೈಲಾಗಿ ಕೂತಿದೆ. ಬಲೆಯಿಲ್ಲ, ಬಾಣವಿಲ್ಲ, ನಿಜ.

ಅದೇ ಕಾರ್ನೆಲ್‌ನವರದು ಈಬರ್ಡ್ ಎಂಬ ಇನ್ನೊಂದು ಏರ್ಪಾಡು 2002ರಿಂದ ಇದೆ. ಕಂಡ ಹಕ್ಕಿಗಳ ಪಟ್ಟಿಯನ್ನು ಯಾರು ಬೇಕಾದರೂ ಅದಕ್ಕೆ ಕಳಿಸಬಹುದು. ಅಪಾಯದಲ್ಲಿರುವ ಕೆಲವು ಹಕ್ಕಿಗಳು ಕಂಡ ಜಾಗವನ್ನು ಮಾತ್ರ ಅದು ಬೇರೆಯವರಿಗೆ ಸರಿಯಾಗಿ ತೋರಿಸುವುದಿಲ್ಲ, ಮರೆಮಾಡುತ್ತದೆ. ಇದನ್ನು ಕೇಳಿ ಹಗುರಾಯಿತು. ಎಲ್ಲವನ್ನೂ ಎಲ್ಲರಿಗೂ ತೋರಿಸಬಾರದೆಂಬ ಸಂಕೋಚ ಯಂತ್ರ ಮಾಡಿದವರಿಗೂ ಇದೆಯಲ್ಲ!

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹಿಂದೊಮ್ಮೆ ಮಕ್ಕಳನ್ನು ಕರೆದೊಯ್ದಿದ್ದೆ. ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಿಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ ಊರಿನವರು. ಅಂಗಳವೆಲ್ಲ ಹಿಕ್ಕೆ, ಮೀನಿನ ವಾಸನೆ. ಆದರೂ ಮರದ ಕೆಳಗೆ ಹೆಂಗಸರು ತಮ್ಮ ಪಾಡಿಗೆ ಪಾತ್ರೆ ಬೆಳಗುತ್ತಿದ್ದರು. ತಲೆಯೆತ್ತಿ ಬೊಬ್ಬೆ ಹಾಕಿದವರು ನಾವು ಮಾತ್ರ.

ಗೋಡೆಯ ಮರಿಗಳು ಹಾರಿದವೋ ಇಲ್ಲವೋ, ನೋಡಲು ನಾನು ಆ ಕಡೆ ಹೋಗಲಿಲ್ಲ. ಆ್ಯಪನ್ನು ತೆಗೆದುಹಾಕಿಲ್ಲ, ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಅದರೊಂದಿಗೆ ನಾನೂ ಕೇಳಿಸಿಕೊಳ್ಳುತ್ತೇನೆ. ಮೊನ್ನೆ ಪಕ್ಕದ ಮನೆಯ ಹುಡುಗಿ ಗೇಟು ಹಿಡಿದು ನಿಂತು, "ಟೀಚರ್, ಹಕ್ಕಿ ಕರೀರಿ" ಎಂದಳು.

"ಚಾರ್ಜ್ ಇಲ್ಲ ಪುಟ್ಟಿ" ಎಂದೆ. ಚಾರ್ಜು ತುಂಬ ಇತ್ತು.