ತಿರುಗಿ ನೋಡಾಕಿ

ಸೋಮವಾರ ಬೆಳಿಗ್ಗೆ ನನ್ನ ಮುಂದೆ ನಾಲ್ಕು ಫೈಲು ಬಂದಿರಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಯಾವ ಹಳ್ಳಿಯಲ್ಲಿ ಎಷ್ಟು ಹೆಕ್ಟೇರು ಮೆಕ್ಕೆಜೋಳ ಬಿತ್ತಿದರು, ಎಷ್ಟು ಭತ್ತ ನಾಟಿಯಾಯಿತು ಎಂಬ ಲೆಕ್ಕ. ಫೈಲೇನೋ ಬರುತ್ತವೆ, ಆದರೆ ಹೋದ ವಾರದ ಹೆಸರಿನಲ್ಲಿ ಬರುವುದಿಲ್ಲ. ಒಬ್ಬರು ತಾರೀಖು ಮೊದಲು ಹಾಕಿದರೆ ಇನ್ನೊಬ್ಬರು ಕೊನೆಗೆ ಹಾಕುತ್ತಾರೆ. 'ಫೈನಲ್' ಅಂತ ಕಳಿಸಿದವರು ಸಂಜೆಗೆ 'ಫೈನಲ್ 2' ಕಳಿಸುತ್ತಾರೆ. ಇಂಗ್ಲಿಷಿನಲ್ಲಿ ಹೊನ್ನಾಳಿಗೆ ಒಂದು ವಾರ ಒಂದು ಎಲ್, ಇನ್ನೊಂದು ವಾರ ಎರಡು. ಕನ್ನಡದಲ್ಲೇ ಹೆಸರಿಡಿ ಎನ್ನೋಣವೆಂದರೆ ಚನ್ನಗಿರಿ ಎಂದೂ ಬರೆಯುತ್ತಾರೆ, ಚೆನ್ನಗಿರಿ ಎಂದೂ ಬರೆಯುತ್ತಾರೆ. ಮೇಲಾಗಿ, ಈ ಲೆಕ್ಕ ಕೂಡಿಸಲು ನಾನು ಎಕ್ಸೆಲ್‌ನಲ್ಲಿ ಬರೆದಿಟ್ಟ ಮ್ಯಾಕ್ರೋದಲ್ಲಿ ಫೈಲು ಹುಡುಕುವ ಹಳೆಯ 'ಡಿರ್' ಆಜ್ಞೆಗೆ ಕನ್ನಡದ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ.

ಮೊದಮೊದಲು ಮ್ಯಾಕ್ರೋದೊಳಗೆ ಫೈಲಿನ ಪೂರ್ತಿ ಹೆಸರನ್ನೇ ಬರೆದಿಡುತ್ತಿದ್ದೆ. ಒಂದಕ್ಷರ ಆಚೀಚೆಯಾದರೂ 9ನೇ ನಂಬರಿನ ಎರರ್: 'ಸಬ್‌ಸ್ಕ್ರಿಪ್ಟ್ ಔಟ್ ಆಫ್ ರೇಂಜ್'. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಅರ್ಥ. ಫೈಲು ಕಣ್ಣೆದುರಿಗೇ ತೆರೆದಿರುತ್ತಿತ್ತು.

ಇದೇ ಮಾತನ್ನು ಒಂದು ಕಚೇರಿಯ ಕಿಟಕಿಯಲ್ಲಿ ನನ್ನ ಅವ್ವನಿಗೂ ಹೇಳಿದರು. ಅವಳ ತವರು ಜಗಳೂರು ಸೀಮೆ, ಕೊಟ್ಟದ್ದು ನ್ಯಾಮತಿ ಕಡೆಗೆ. ತವರಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಅತ್ತೆಮನೆಯವರು ಇಟ್ಟದ್ದು ಇನ್ನೊಂದು. (ಎರಡನ್ನೂ ಇಲ್ಲಿ ಬರೆಯುವುದಿಲ್ಲ, ಅವಳಿಗೆ ಸೇರುವುದಿಲ್ಲ.) ಪಹಣಿಯಲ್ಲಿ ಹಳೆಯದು, ರೇಷನ್ ಕಾರ್ಡಿನಲ್ಲಿ ಹೊಸದು. ಕಿಟಕಿಯೊಳಗಿನವರು ಎರಡೂ ಕಾಗದ ಪಕ್ಕಪಕ್ಕ ಇಟ್ಟು, ಈ ಹೆಂಗಸು ನೀವಲ್ಲ ಅಂದರು. ಬಸ್ಸಿನಲ್ಲಿ ಬರುವಾಗ, 'ಇಷ್ಟಕ್ಕೂ ನಿನ್ನ ನಿಜವಾದ ಹೆಸರು ಯಾವುದವ್ವಾ?' ಅಂತ ಕೇಳಿದೆ. 'ಯಾವುದ್ರಾಗ ಕರುದ್ರೂ ತಿರುಗಿ ನೋಡಾಕಿ ನಾನೇ ಅಲ್ಲೇನವ್ವ' ಅಂದಳು.

ಎಕ್ಸೆಲ್‌ನಲ್ಲಿ ಇದಕ್ಕೆ ತೀರ ಹತ್ತಿರದ ಒಂದು ಪದವಿದೆ: 'ದಿಸ್‌ವರ್ಕ್‌ಬುಕ್'. ಮ್ಯಾಕ್ರೋ ಯಾವ ಫೈಲಿನೊಳಗೆ ಕೂತಿದೆಯೋ ಆ ಫೈಲು ಎಂದು ಅರ್ಥ. ಹೊರಗೆ ಯಾರು ಏನೇ ಹೆಸರಿಡಲಿ, ನೂರು ಸಲ ಬದಲಿಸಲಿ, ಒಳಗಿನಿಂದ 'ಇದು' ಎಂದರೆ ಸಾಕು, ಸಿಗುತ್ತದೆ. 'ಆಕ್ಟಿವ್‌ವರ್ಕ್‌ಬುಕ್' ಬೇರೆ, ಅದು ಆ ಗಳಿಗೆಯಲ್ಲಿ ಪರದೆಯ ಮೇಲೆ ಮುಂದೆ ನಿಂತದ್ದು. ಇವೆರಡರ ವ್ಯತ್ಯಾಸ ತಿಳಿದ ದಿನ ನಾನು ಸುಮಾರು ಹೊತ್ತು ಕೈಕಟ್ಟಿ ಕೂತಿದ್ದೆ. ನನ್ನನ್ನು ನಾನು ಹೆಸರು ಹಿಡಿದು ಹುಡುಕುವುದಿಲ್ಲ. ನಿದ್ದೆಯಿಂದ ಎದ್ದಾಗ ಮೊದಲು ಬರುವುದು 'ನಾನು', ಹೆಸರು ಬರುವುದು ಆಮೇಲೆ.

ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಮಣ್ಣಿನ ಉದಾಹರಣೆ ಕೊಡುತ್ತಾನೆ. ಗಡಿಗೆ, ಕುಡಿಕೆ ಎಲ್ಲ ಮಾತಿನ ಹೆಸರು, ನಿಜ ಮಣ್ಣೊಂದೇ. ಪ್ರವಚನದಲ್ಲಿ ಇದನ್ನು ಕೇಳಿದಾಗಲೆಲ್ಲ ತಲೆಯಾಡಿಸಿದ್ದೇನೆ. ಕಿಟಕಿಯ ಮುಂದೆ ನಿಂತ ಅವ್ವನನ್ನು ಕಂಡಮೇಲೆ ಅಷ್ಟು ಸಲೀಸಾಗಿ ಒಪ್ಪಲಾರೆ. 'ದಿಸ್‌ವರ್ಕ್‌ಬುಕ್' ನಡೆಯುವುದು ತನ್ನ ಮಟ್ಟಿಗೆ ಮಾತ್ರ. ಪಕ್ಕದ ಫೈಲು ಇದನ್ನು ಕರೆಯಬೇಕಾದರೆ ಹೆಸರೇ ಬೇಕು. ಒಮ್ಮೆ ತೆರೆದು ಒಂದು ವೇರಿಯಬಲ್ಲಿನಲ್ಲಿ ಹಿಡಿದುಕೊಂಡರೆ ಆಮೇಲೆ ಹೆಸರು ಬೇಡ, ನಿಜ. ಮನೆಯಲ್ಲೂ ಹಾಗೇ, ಅವ್ವ ಅಪ್ಪನ ಹೆಸರೆತ್ತಿ ಕರೆದದ್ದನ್ನು ನಾನು ಕೇಳಿಲ್ಲ. 'ಏನ್ರೀ' ಅಂದರೆ ಮುಗಿಯಿತು, ಒಡಪು ಹೇಳುವಾಗ ಮಾತ್ರ ಆ ಹೆಸರು ಅವಳ ಬಾಯಿಗೆ ಬರುತ್ತಿತ್ತು. ಆದರೆ ಆ ಮೊದಲ ಸಲ ಯಾರೋ ಹೆಸರು ಹೇಳಿಯೇ ಇಬ್ಬರನ್ನೂ ಕೂಡಿಸಿದ್ದು. ನಾನು ಎಂಬುದಕ್ಕೆ ಹೆಸರು ಬೇಡದಿರಬಹುದು, ನನ್ನ ಹತ್ತಿರ ಬರುವವರಿಗೆ ಬೇಕು. ಅವರಿಗಿರುವ ಆ ಒಂದೇ ದಾರಿಯನ್ನು ಮಾಯೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ, ಅದನ್ನು ನನ್ನ ತಪ್ಪಿನಿಂದ ಕಲಿತೆ. ಹೆಸರನ್ನು ನಂಬದೆ, ಫೋಲ್ಡರಿನಲ್ಲಿರುವ ಪ್ರತಿ ಫೈಲನ್ನೂ ತೆರೆದು, ಒಳಗೆ ಬಿ2 ಮನೆಯಲ್ಲಿರುವ ತಾಲ್ಲೂಕಿನ ಕೋಡ್ ನೋಡಿ ಲೆಕ್ಕ ಕೂಡಿಸುವಂತೆ ಮ್ಯಾಕ್ರೋ ತಿದ್ದಿದ್ದೆ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು, ಹೊನ್ನಾಳಿಯಿಂದ ಬೇರೆಯಾಯಿತು. ನ್ಯಾಮತಿಯ ಫೈಲು ಬೇರೆ ಬರತೊಡಗಿದ ಮೇಲೂ ಹೊನ್ನಾಳಿಯ ಫೈಲಿನಲ್ಲಿ ಹಳೆಯ ಹಳ್ಳಿಗಳ ಪಟ್ಟಿಯೇ ಉಳಿದಿತ್ತು. ಅದೇ ಹೆಸರು, ಅದೇ ಕೋಡ್. ಎರಡು ವಾರ ನ್ಯಾಮತಿಯ ಮೆಕ್ಕೆಜೋಳವನ್ನು ಎರಡೆರಡು ಸಲ ಎಣಿಸಿ ಮೇಲಕ್ಕೆ ಕಳಿಸಿದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಊರು ಇದ್ದಲ್ಲೇ ಇದೆ. ಹೊನ್ನಾಳಿಯದು ಇದರ ತಿರುಗುಮುರುಗು, ಹೆಸರು ಇದ್ದಲ್ಲೇ ಇದ್ದು ಒಳಗಿನದು ಅರ್ಧ ಹೋಗಿತ್ತು. ಹೆಸರು ಬದಲಾದರೂ ವಸ್ತು ಅದೇ ಎಂದು ಹೇಳಿಕೊಟ್ಟವರು ಬಹಳ ಜನ. ಹೆಸರು ಹಾಗೇ ಉಳಿದು ವಸ್ತುವೇ ಜಾರಿಹೋಗಬಹುದು ಎಂದು ನನಗೆ ಯಾರೂ ಎಚ್ಚರಿಸಿರಲಿಲ್ಲ. ಈಗ ಮ್ಯಾಕ್ರೋ ಪ್ರತಿ ವಾರ ಹಳ್ಳಿಗಳ ಪಟ್ಟಿಯನ್ನೂ ಹೊಂದಿಸಿ ನೋಡುತ್ತದೆ. ಮೂವತ್ತು ವರ್ಷದಿಂದ ಒಂದೇ ಹೆಸರಿನಲ್ಲಿ ರುಜು ಹಾಕುತ್ತಿರುವ ನನ್ನನ್ನು ಹಾಗೆ ಹೊಂದಿಸಿ ನೋಡಿದರೆ ಏನೇನು ಉಳಿದೀತು ಎಂದು ರಾತ್ರಿ ಯೋಚಿಸುತ್ತೇನೆ.

ನದಿಗಳು ಕಡಲು ಸೇರಿ ಹೆಸರು ಕಳೆದುಕೊಳ್ಳುತ್ತವೆ ಎಂಬ ಹೋಲಿಕೆಯೂ ಉಪನಿಷತ್ತಿನದೇ. ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆ ದಾಟುವಾಗೆಲ್ಲ ನನಗೆ ಅದು ನೆನಪಾಗುತ್ತದೆ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗೆ, ಭದ್ರೆ ಒಂದಾಗುತ್ತವೆ. ಅಲ್ಲಿಂದ ಮುಂದೆ ನೀರನ್ನು ಬೇರೆ ಮಾಡಲಾಗದು. ಹೆಸರನ್ನು ಮಾತ್ರ ನಮ್ಮ ಹಿರಿಯರು ಎರಡನ್ನೂ ಬಿಡದೆ ಉಳಿಸಿಕೊಂಡರು.

ಹೋದ ತಿಂಗಳು ನೋಟರಿಯವರ ಹತ್ತಿರ ಅಫಿಡವಿಟ್ ಮಾಡಿಸಿದೆವು. ಈ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬಳೇ ಎಂದು. ಅವ್ವ ಪೆನ್ನು ಹಿಡಿದು ನನ್ನ ಮುಖ ನೋಡಿದಳು. 'ಯಾವುದು ಬರೀಲವ್ವ?'

'ಎರಡೂ ಬರಿ' ಅಂದೆ.

ತವರಿನದನ್ನು ಮೊದಲು ಬರೆದಳು. ಬರೆದು ಬಹಳ ವರ್ಷವಾಗಿತ್ತು, ಒತ್ತಕ್ಷರದ ಹತ್ತಿರ ಕೈ ತಡೆಯಿತು. ನೋಟರಿಯವರು ಸೀಲು ಕೈಯಲ್ಲಿ ಹಿಡಿದು ಕಾದರು.